ಹೊಟ್ಟೆಬಿಟ್ಟ ತಡೆಗೋಡೆ ಸರಿಮಾಡಿದ ಬಗೆ

ಮಡಿಕೇರಿ ಹತ್ತಿರ ಮನೆ ಹಿಂದಿನ ಬರೆಗೆ (ಕಡಿದಾದ ಮಣ್ಣಿನ ದಿಬ್ಬಕ್ಕೆ) ಕಟ್ಟಿದ್ದ 2 ಮೀಟರ್ ಎತ್ತರದ ಸೈಜುಗಲ್ಲಿನ ಗೋಡೆ ಮಳೆಗಾಲದಲ್ಲಿ ಹೊಟ್ಟೆ ಬಿಟ್ಟಿತ್ತು. ಗಾರೆ ಗಟ್ಟಿಯಾಗಿಯೇ ಇತ್ತು. ನೀರು ಹೊರಬರಲು ಒಂದು ತೂತೂ ಇರಲಿಲ್ಲ. ಒಣಮಣ್ಣು ಗೋಡೆಯ ಬುಡದಲ್ಲಿ ಚದರ ಮೀಟರಿಗೆ ಸುಮಾರು 1.2 ಟನ್ ತಳ್ಳುತ್ತದೆ. ಹಿಂದೆ ನೀರು ನಿಂತರೆ ನೀರಿನದೇ 2 ಟನ್, ಮಣ್ಣಿನದೂ ಸೇರಿ ಎರಡು ಪಟ್ಟಿಗೂ ಹೆಚ್ಚು. ಕೊಡಗಿನ ಮಳೆಗೆ ಮೊದಲು ನೋಡಬೇಕಾದ ಲೆಕ್ಕ ಇದು.

ಕಲ್ಲಿನ ಗೋಡೆ ನಿಲ್ಲುವುದು ಸ್ವಂತ ತೂಕದಿಂದ. ಬುಡದ ಅಗಲ ಎತ್ತರದ ಅರ್ಧಕ್ಕಿಂತ ಕಡಿಮೆ ಬೇಡ, ಇಲ್ಲಿ 1.2 ಮೀಟರ್ ಕೊಟ್ಟೆವು. ಕಾಂಕ್ರೀಟಿನ ಎಲ್ (L) ಆಕಾರದ ಗೋಡೆಯನ್ನು ಅದರ ಪಾದದ ಮೇಲೆ ಕೂತ ಮಣ್ಣೇ ಒತ್ತಿ ಹಿಡಿಯುತ್ತದೆ. ಜಾಗವಿದ್ದರೆ ತಂತಿಬಲೆಯ ಪೆಟ್ಟಿಗೆಗೆ ಕಲ್ಲು ತುಂಬಿ ಜೋಡಿಸುವ ಗೇಬಿಯನ್ ಒಳ್ಳೆಯದು, ನೀರು ತಾನೇ ಸೋರಿಹೋಗುತ್ತದೆ.

ಬೇಸಿಗೆಯಲ್ಲಿ ಗೋಡೆಯನ್ನು 3 ಮೀಟರಿನಷ್ಟೇ ಬಿಚ್ಚಿ, ಕಟ್ಟಿ, ಮುಂದಕ್ಕೆ ಹೋಗಬೇಕು. ಒಟ್ಟಿಗೆ ಬಿಚ್ಚಿದರೆ ಬರೆಯೇ ಜರಿಯುತ್ತದೆ. ಗೋಡೆ ಹಿಂದೆ 1 ಅಡಿ ದಪ್ಪಕ್ಕೆ 40 ಮಿ.ಮೀ. ಜಲ್ಲಿ, ಜಲ್ಲಿಗೂ ಮಣ್ಣಿಗೂ ನಡುವೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ಬಟ್ಟೆಯ ಖರ್ಚು ಉಳಿಸಲು ಹೋದರೆ ಕೆಂಪುಮಣ್ಣು ಇಳಿದು ಜಲ್ಲಿ ಕಟ್ಟಿಕೊಳ್ಳುತ್ತದೆ, ಪಟ್ಟ ಶ್ರಮವೆಲ್ಲ ದಂಡ. 3 ಇಂಚಿನ ಪಿವಿಸಿ ಪೈಪು 1.5 ಮೀಟರಿಗೊಂದು, ಹೊರಕ್ಕೆ ತುಸು ಇಳಿಜಾರಾಗಿ; ಕೆಳಸಾಲು ನೆಲದಿಂದ 1 ಅಡಿಯೊಳಗೆ. ಮಣ್ಣನ್ನು 8 ಇಂಚಿನ ಪದರಗಳಲ್ಲಿ ದಮ್ಮಸ್ಸು ಮಾಡಿದೆವು. ಮೇಲಿನ ಕಾಫಿ ತೋಟದ ನೀರು ಹಿಂದಕ್ಕೆ ಇಳಿಯದಂತೆ ಸಿಮೆಂಟು ಚರಂಡಿ.

ಜೋರು ಮಳೆಯಲ್ಲಿ ಪೈಪುಗಳಿಂದ ತಿಳಿನೀರು ಬರಬೇಕು. ಕೆಸರು ಬಂದರೆ ಎಲ್ಲೋ ಬಟ್ಟೆ ಹರಿದಿದೆ, ಅಲ್ಲಿ ಅಗೆದು ನೋಡಿ.