ಹವಳದ ಫೋಟೊ ನೋಡಿ ಮರುಳಾಗುವ ಮುನ್ನ

ಮನೆಯ ಉಪ್ಪುನೀರಿನ ಅಕ್ವೇರಿಯಂಗೆ ಅಂತ ಮಾರುವ ಜೀವಂತ ಹವಳದ ಫೋಟೊದಲ್ಲಿ ಕಿತ್ತಳೆ ಬಾಯಿ, ಹಸಿರು ಅಂಚು, ಕಣ್ಣು ಕುಕ್ಕುವ ಕೆಂಪು. ತರಿಸಿ ಟ್ಯಾಂಕಿಗೆ ಇಳಿಸಿದರೆ ಕಂದು ಬಣ್ಣದ ಒಂದು ಚೂರು. ಎಡಿಟ್ ಮಾಡಿ ಟೋಪಿ ಹಾಕಿದರು ಅಂತ ಸಿಟ್ಟು ಬರುವುದು ಸಹಜ. ಆದರೆ ಬಹಳ ಸಲ ಕಿತಾಪತಿ ಎಡಿಟಿಂಗಿನದಲ್ಲ, ಲೈಟಿನದು.

ಹಲವು ಹವಳಗಳ ಮೈಯಲ್ಲಿ ಹೊಳೆಯುವ ಪ್ರೋಟೀನ್‌ಗಳಿರುತ್ತವೆ. 420ರಿಂದ 460 ನ್ಯಾನೊಮೀಟರ್ ಆಸುಪಾಸಿನ ತರಂಗಾಂತರದ ನೀಲಿ ಬೆಳಕು ಬಿದ್ದರೆ ಅವು ಅದನ್ನು ಹೀರಿಕೊಂಡು ಹಸಿರು, ಕಿತ್ತಳೆ, ಕೆಂಪು ಬೆಳಕನ್ನು ಹೊರಗೆ ಬಿಡುತ್ತವೆ. ಮಾರುವವರು ಬರೀ ನೀಲಿ ಎಲ್‌ಇಡಿ ಹಾಕಿ ಫೋಟೊ ತೆಗೆಯುವುದು ಇದಕ್ಕೇ. ಬಿಳಿ ಬೆಳಕಿನಲ್ಲಿ ಅದೇ ಹವಳ ಮಂಕಾಗಿ ಕಾಣುತ್ತದೆ. ಎರಡು ನೋಟವೂ ನಿಜವೇ.

ಇನ್ನು ಫೋನ್ ಕ್ಯಾಮೆರಾ. ಇಷ್ಟು ನೀಲಿಯನ್ನು ಅದು ಸಂಭಾಳಿಸುವುದಿಲ್ಲ, ಚಿತ್ರದ ಮೇಲೆ ಶಾಯಿ ಚೆಲ್ಲಿದ ಹಾಗಾಗುತ್ತದೆ. ಲೆನ್ಸಿಗೆ ಕಿತ್ತಳೆ ಫಿಲ್ಟರ್ ಹಾಕಿ, ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಮಾಡುವ ಸೆಟ್ಟಿಂಗ್) ಸರಿಪಡಿಸಿದರೆ ಮಾತ್ರ ಕಣ್ಣಿಗೆ ಕಂಡಷ್ಟು ಫೋಟೊದಲ್ಲೂ ಬರುತ್ತದೆ. ಹಾಗಾಗಿ ‘ಎಡಿಟ್ ಮಾಡದ ಫೋಟೊ ಕಳಿಸಿ’ ಅಂತ ಹಟ ಹಿಡಿದು ಲಾಭವಿಲ್ಲ. ನನ್ನ ತಕರಾರು ಏನಿದ್ದರೂ ಸ್ಯಾಚುರೇಷನ್, ಅಂದರೆ ಬಣ್ಣದ ಗಾಢತೆಯನ್ನು, ಬೇಕೆಂದೇ ಏರಿಸುವವರ ಮೇಲೆ.

ಅದನ್ನು ಹಿಡಿಯುವುದು ಹೇಗೆ?

ಮೊದಲು ಹವಳ ಬಿಟ್ಟು ಉಳಿದದ್ದನ್ನೆಲ್ಲ ನೋಡಿ. ಹವಳದ ತುಂಡು ಅಂಟಿಸಿರುವ ಪುಟ್ಟ ಬಿಲ್ಲೆ (ಪ್ಲಗ್), ಅಡಿಯ ಮರಳು, ಪಕ್ಕದ ಮೀನು. ಬಿಳಿ ಪ್ಲಗ್ ಗುಲಾಬಿಯಾಗಿಯೋ ನೇರಳೆಯಾಗಿಯೋ ಮಿಂಚುತ್ತಿದ್ದರೆ ಹವಳದ ಬಣ್ಣವನ್ನೂ ನಂಬಬೇಡಿ. ಆಮೇಲೆ ಚಿತ್ರವನ್ನು ದೊಡ್ಡದು ಮಾಡಿ ಹವಳದ ಒಂದೊಂದು ಪುಟ್ಟ ಜೀವಿಯ, ಅಂದರೆ ಪಾಲಿಪ್‌ನ ಬಾಯಿಯ ಸುತ್ತ ನೋಡಿ. ನಿಜವಾದ ಹೊಳಪಿನಲ್ಲಿ ಸಣ್ಣ ಗೆರೆ, ಚುಕ್ಕೆ, ಮೈಯ ತರಿ ಉಳಿದಿರುತ್ತದೆ. ಸ್ಯಾಚುರೇಷನ್ ಜಾಸ್ತಿ ಆದಾಗ ಇವೆಲ್ಲ ಅಳಿಸಿಹೋಗಿ ಒಂದೇ ಕೆಂಪು, ಒಂದೇ ಹಸಿರು ಉಳಿಯುತ್ತದೆ. ಅಂಚಿನ ಬಣ್ಣ ಪ್ಲಗ್ ಮೇಲೂ ಸೋರಿರುತ್ತದೆ.

ಅನುಮಾನ ಬಂದರೆ ಸಂಕೋಚಪಡದೆ ಕೇಳಿ. ನೀಲಿ ಲೈಟಿನಿಂದ ಬಿಳಿ ಲೈಟಿಗೆ ಬದಲಾಯಿಸುತ್ತಾ ತೆಗೆದ ಒಂದು ಚಿಕ್ಕ ವಿಡಿಯೊ ಸಾಕು, ಹತ್ತು ಫೋಟೊಗಳಿಗಿಂತ ಅದೇ ಮೇಲು. ಫೋಟೊದಲ್ಲಿರುವ ತುಂಡೇ ಬರುತ್ತದೆಯೋ, ಅಥವಾ ಅದು ತುಂಡು ಕತ್ತರಿಸಿ ತೆಗೆದ ದೊಡ್ಡ ತಾಯಿ ಹವಳದ ಚಿತ್ರವೋ ಎಂದೂ ಕೇಳಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯಲು ಹೇಳಿ. ಮ್ಯಾಕ್ರೊ ಲೆನ್ಸಿನಲ್ಲಿ ಪರದೆ ತುಂಬ ಕಾಣುವ ಜೊಯಾಂಥಿಡ್ (ಹವಳದ ಹತ್ತಿರದ ಬಂಧು) ಪಾಲಿಪ್ ನಿಜದಲ್ಲಿ ಸುಮಾರು ಒಂದು ಸೆಂಟಿಮೀಟರ್ ಇರುತ್ತದೆ, ಅಷ್ಟೇ!

ಇನ್ನೊಂದು ಮಾತು. ತೀರಾ ತಿಳಿಯಾದ, ಬಹುತೇಕ ಬೆಳ್ಳಗಿನ ಮೈಯಲ್ಲಿ ಹೊಳಪು ಮಾತ್ರ ಎದ್ದು ಕಾಣುವ ಹವಳ ಚೆಂದ ಅಂತ ಬೀಳಬೇಡಿ. ಅದು ತನ್ನೊಳಗಿನ ಪಾಚಿಯನ್ನು ಕಳೆದುಕೊಂಡು ಸೊರಗಿರಬಹುದು. ಆ ಪಾಚಿಯೇ ಅದಕ್ಕೆ ಊಟ ಕೊಡುವುದು.

ತುಂಡು ಕೈಗೆ ಬಂದ ದಿನ ಏನೂ ತೀರ್ಮಾನಿಸಬೇಡಿ. ಪ್ರಯಾಣದ ಸುಸ್ತಿಗೆ ಪಾಲಿಪ್‌ಗಳು ಮುಚ್ಚಿಕೊಂಡಿರುತ್ತವೆ. ಕಂದು ಬಣ್ಣ ಆ ಪಾಚಿಯದೇ. ಬೆಳಕು ಕಡಿಮೆಯಾಗಿ, ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಹೆಚ್ಚಾದರೆ ಅದು ಬೆಳೆದು ಬಣ್ಣಗಳನ್ನು ಮುಚ್ಚುತ್ತದೆ. ಕವಲೊಡೆದು ಬೆಳೆಯುವ ಅಕ್ರೊಪೊರಾದಂಥ ಹವಳ ಮತ್ತೆ ಬಣ್ಣಕ್ಕೆ ಬರಲು ತಿಂಗಳುಗಳೇ ಹಿಡಿಯಬಹುದು. ಬೇಗ ಬರಲಿ ಅಂತ ಲೈಟ್ ಪೂರ್ತಿ ಏರಿಸಿದರೆ ಸುಟ್ಟುಹೋಗುತ್ತದೆ. ಮಂದ ಬೆಳಕಿನಲ್ಲಿ ಇಟ್ಟು, ವಾರಗಳಲ್ಲಿ ನಿಧಾನವಾಗಿ ಹೆಚ್ಚಿಸಿ. ಬಂದ ಕೂಡಲೇ ಚೀಲದಲ್ಲಿದ್ದಾಗಲೇ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ಮುಂದೆ ದೂರು ಹೇಳಲು ಬೇಕಾದೀತು.

ಕೊನೆಗೆ ನಿಮ್ಮ ಟ್ಯಾಂಕಿನ ಲೈಟ್ ಯಾವುದು ಅನ್ನುವುದೂ ಮುಖ್ಯ ಅಲ್ವಾ? ಅದು ಬಿಳಿ ಜಾಸ್ತಿ ಇರುವಂಥದ್ದಾದರೆ ನಿಯಾನ್ ಹೊಳಪಿನ ಹವಳ ಬಿಟ್ಟು, ನೇರಳೆ, ನೀಲಿ ಬಣ್ಣ ಮೈಯಲ್ಲೇ ಇರುವ ಅಕ್ರೊಪೊರಾಗಳನ್ನು ಹುಡುಕಿ. ಹೊಳೆಯದ ಈ ಬಣ್ಣಗಳು ಬಿಳಿ ಬೆಳಕಿನಲ್ಲೇ ಚೆನ್ನಾಗಿ ಕಾಣುತ್ತವೆ.