ಲಿಂಫೋಮಾ ಚಿಕಿತ್ಸೆಯ ವೇಳೆ ಹೃದಯವನ್ನು ಕಾಪಾಡಿಕೊಳ್ಳುವ ಬಗೆ

ಲಿಂಫೋಮಾಕ್ಕೆ (ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್) ನೀಡುವ, ಹಲವು ಔಷಧಗಳು ಸೇರಿದ ಆರ್-ಚಾಪ್ ಕಿಮೋಥೆರಪಿಯಲ್ಲಿರುವ ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧವು ಹೃದಯದ ಸ್ನಾಯುಕೋಶಗಳಿಗೂ ಹಾನಿ ಮಾಡಬಲ್ಲದು. ಈ ಹಾನಿ ಒಟ್ಟು ಪ್ರಮಾಣದೊಂದಿಗೆ ಕೂಡುತ್ತಾ ಹೋಗುವುದರಿಂದ, ಹಿಂದೆ ಇದೇ ಗುಂಪಿನ ಔಷಧ ಪಡೆದಿದ್ದರೆ ಅಥವಾ ಎದೆಗೆ ವಿಕಿರಣ ಚಿಕಿತ್ಸೆ ಆಗಿದ್ದರೆ ಆ ದಾಖಲೆಗಳನ್ನು ವೈದ್ಯರಿಗೆ ತಪ್ಪದೆ ತೋರಿಸಿ. ವಾಡಿಕೆಯ 6 ಸುತ್ತುಗಳಲ್ಲಿ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಒಟ್ಟು 300 ಮಿಲಿಗ್ರಾಂ ಸೇರುತ್ತದೆ. 400 ದಾಟಿದ ಮೇಲೆ ಅಪಾಯ ಬೇಗನೆ ಏರುತ್ತದೆ.

ಮೊದಲ ಸುತ್ತಿಗೆ ಮುನ್ನವೇ ಎಕೋ (ಹೃದಯದ ಅಲ್ಟ್ರಾಸೌಂಡ್) ಪರೀಕ್ಷೆ ಮಾಡಿಸಿಕೊಳ್ಳಿ. ಮುಂದಿನ ಪರೀಕ್ಷೆಗಳನ್ನು ಹೋಲಿಸಲು ಅದೇ ಆಧಾರ.

ಹೃದಯ ದುರ್ಬಲವಾದರೆ ಮೈಯಲ್ಲಿ ನೀರು ನಿಲ್ಲುವುದರಿಂದ, ಮನೆಯಲ್ಲಿ ಪ್ರತಿದಿನ ಬೆಳಿಗ್ಗೆ, ಶೌಚದ ನಂತರ ಮತ್ತು ತಿಂಡಿಗೆ ಮೊದಲು, ತೂಕ ನೋಡಿ ಬರೆದಿಡಿ. ವಾರದೊಳಗೆ 2 ಕಿಲೋ ಏರಿದರೆ, ಪಾದಗಳು ಬಾತರೆ, ಅಥವಾ ಉಸಿರಾಟಕ್ಕಾಗಿ ಎರಡು-ಮೂರು ದಿಂಬು ಇಟ್ಟುಕೊಂಡು ಮಲಗಬೇಕಾಗಿ ಬಂದರೆ ಮುಂದಿನ ಭೇಟಿಯ ದಿನಕ್ಕೆ ಕಾಯದೆ ವೈದ್ಯರನ್ನು ಕಾಣಿ. ಇದೇ ಚಿಕಿತ್ಸೆಯ ಪ್ರೆಡ್ನಿಸೊಲೋನ್ ಮಾತ್ರೆಯಿಂದಲೂ ಮೈ ಊದಿಕೊಳ್ಳುವುದುಂಟು. ಆದರೂ ಕಾರಣವನ್ನು ನೀವೇ ತೀರ್ಮಾನಿಸಿಕೊಂಡು ಸುಮ್ಮನಾಗುವುದು ಸರಿಯಲ್ಲವೆಂದು ಒತ್ತಿ ಹೇಳಬೇಕಾಗಿದೆ. ಕುಳಿತಲ್ಲೇ ಉಸಿರು ಕಟ್ಟಿದರೆ ಕೂಡಲೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.

ಹೃದಯ ವೈಫಲ್ಯವು (ಹೃದಯಕ್ಕೆ ರಕ್ತವನ್ನು ಸಾಕಷ್ಟು ಪಂಪ್ ಮಾಡಲಾಗದ ಸ್ಥಿತಿ) ಕ್ಯಾನ್ಸರ್ ಗುಣವಾಗಿ ಹಲವು ವರ್ಷಗಳ ನಂತರವೂ ಕಾಣಿಸಿಕೊಳ್ಳಬಹುದು; ಆದ್ದರಿಂದ ರಕ್ತದೊತ್ತಡವನ್ನು ಹತೋಟಿಯಲ್ಲಿಟ್ಟು, ಯಾವ ವೈದ್ಯರ ಬಳಿ ಹೋದರೂ ಈ ಔಷಧ ಪಡೆದದ್ದನ್ನು ತಿಳಿಸಿ.