ಕಪ್ಪೆಯೋ ಕತ್ತೆಯೋ: ಪದಗಳನ್ನು ಕತ್ತರಿಸಿ ಕೇಳಿಸಿದ ನನ್ನ ಅನುಭವ

ಆಡಿದ ಪದ ಪೂರ್ತಿ ಕಿವಿಗೆ ಬೀಳುವ ಮೊದಲೇ ದೊಡ್ಡವರು ಅದನ್ನು ಗುರುತಿಸಿಬಿಡುತ್ತಾರೆ ಎಂಬುದನ್ನು ಸ್ಪೀಚ್ ಥೆರಪಿ ಕಲಿಯುವಾಗಲೇ ಓದಿದ್ದೆ. ಮಕ್ಕಳಿಗೆ ಎಷ್ಟು ಕೇಳಿಸಿದರೆ ಸಾಕಾಗುತ್ತದೆ ಎಂಬುದನ್ನು ಕನ್ನಡದ ಪದಗಳಲ್ಲೇ ನೋಡಬೇಕೆನಿಸಿ, ಭಾಷಾ ಮನೋವಿಜ್ಞಾನಿ ಫ್ರಾಂಸ್ವಾ ಗ್ರೋಜಾನ್ 1980ರಲ್ಲಿ ವಿವರಿಸಿದ ಗೇಟಿಂಗ್ ವಿಧಾನವನ್ನು ಹಿಡಿದೆ. ಪದದ ಮೊದಲ ತುಣುಕನ್ನಷ್ಟೇ ಕೇಳಿಸಿ, ಅದು ಯಾವ ಪದವೆಂದು ಊಹಿಸಲು ಹೇಳಿ, ಪ್ರತಿ ಸಲವೂ ತುಣುಕನ್ನು ಸ್ವಲ್ಪ ಉದ್ದ ಮಾಡುತ್ತ ಹೋಗುವುದು ಅದರ ಕ್ರಮ.

ಚಿತ್ರ ಬರೆದು ತೋರಿಸಬಹುದಾದ ಕಪ್ಪೆ, ಕತ್ತೆ, ಬಳೆ, ಬಾಳೆ, ಕಾಲು, ಕಾಳು ಮುಂತಾದ ಪದಗಳನ್ನು ನನ್ನದೇ ದನಿಯಲ್ಲಿ ಮುದ್ರಿಸಿಕೊಂಡು, ಆಡಾಸಿಟಿ ಎಂಬ ದನಿ ಸಂಪಾದಿಸುವ ತಂತ್ರಾಂಶದಲ್ಲಿ 50 ಮಿಲಿಸೆಕೆಂಡುಗಳ ಅಂತರದಲ್ಲಿ ಕತ್ತರಿಸಿದೆ. ಮೊದಲ ದಿನವೇ ಎಡವಿದೆ. ಸ್ವರವನ್ನು ನಡುವೆ ಥಟ್ಟನೆ ಕತ್ತರಿಸಿದರೆ ಆ ಅಂಚೇ ಒಂದು ವ್ಯಂಜನದಂತೆ ಕೇಳಿಸುತ್ತದೆ. ಬರೀ 'ಬಾ' ಕೇಳಿಸಿದ್ದಕ್ಕೆ ಸಹೋದ್ಯೋಗಿಯೊಬ್ಬರು 'ಬಾತು' ಎಂದರು. ತುಣುಕಿನ ಕೊನೆಯಲ್ಲಿ ದನಿ ಮೆಲ್ಲಗೆ ಇಳಿಯುವಂತೆ ಮಾಡಿದ ಮೇಲೆ ಆ ಇಲ್ಲದ ತಕಾರ ಹೋಯಿತು.

ನನಗೆ ಹೆಚ್ಚು ಪಾಠ ಕಲಿಸಿದ್ದು ಕಪ್ಪೆ ಮತ್ತು ಕತ್ತೆ. ಈ ಒತ್ತಕ್ಷರಗಳನ್ನು ಉಚ್ಚರಿಸುವಾಗ ಬಾಯಿ ಮುಚ್ಚಿರುವಷ್ಟು ಹೊತ್ತು ಮೌನವೇ ಇರುತ್ತದೆ. ಆದರೆ ಅದಕ್ಕೂ ಮೊದಲೇ, ತುಟಿಗಳು ಕೂಡತೊಡಗಿದಾಗ ಇಲ್ಲವೇ ನಾಲಗೆ ಹಲ್ಲಿನತ್ತ ಸಾಗಿದಾಗ, ಹಿಂದಿನ ಅಕಾರದ ಕೊನೆಯಲ್ಲಿ ದನಿ ಬೇರೆ ಬೇರೆ ರೀತಿ ಬಾಗುತ್ತದೆ. ದೊಡ್ಡವರಲ್ಲಿ ಹಲವರಿಗೆ ಅಷ್ಟೇ ಸಾಕಾಯಿತು. ಅನಂತರದ ಮೌನದ ತುಣುಕುಗಳಲ್ಲಿ ಹೊಸದೇನೂ ಇಲ್ಲದಿದ್ದರೂ ಅವರು ಅದೇ ಉತ್ತರವನ್ನು ಹಿಡಿದುಕೊಂಡರು. ನಾಲ್ಕು ವರ್ಷದ ಹುಡುಗಿಯೊಬ್ಬಳು ಮಾತ್ರ ಕಪ್ಪೆ, ಕತ್ತೆ, ಮತ್ತೆ ಕಪ್ಪೆ ಎಂದು ಬದಲಿಸುತ್ತಲೇ ಹೋದಳು. ಪದ ಗುರುತಿಸಲು ಆಕೆಗೆ ಇನ್ನೂ ಹೆಚ್ಚು ದನಿ ಬೇಕು ಎಂದು ನಾನು ಬರೆದುಕೊಳ್ಳುತ್ತಿದ್ದಾಗ, "ನಾ ಹೇಳಿದ್ದು ತಪ್ಪಾ ಮಿಸ್? ಮತ್ತೆ ಮತ್ತೆ ಕೇಳ್ತೀರಲ್ಲ" ಎಂದಳು.

ಅವಳ ಮಾತು ನ್ಯಾಯವಾಗಿತ್ತು. ದೊಡ್ಡವರು ಎರಡನೆಯ ಸಲ ಕೇಳಿದರೆ ಮೊದಲ ಉತ್ತರ ತಪ್ಪೆಂದೇ ಅರ್ಥ ಎಂಬುದನ್ನು ಮಕ್ಕಳು ಬೇಗ ಕಲಿಯುತ್ತಾರೆ. ಹೀಗಾಗಿ, ಒಂದು ಪದದ ಒಂದೇ ತುಣುಕನ್ನು ಒಂದು ದಿನಕ್ಕೆ ಒಮ್ಮೆ ಮಾತ್ರ ಕೇಳಿಸುವಂತೆ ಕ್ರಮವನ್ನು ಬದಲಿಸಿದೆ. ಕೆಲಸ ವಾರಗಟ್ಟಲೆ ಎಳೆಯಿತು. ಮಕ್ಕಳಿಗೆ ಎರಡು ಚಿತ್ರಗಳ ಆಯ್ಕೆ ಕೊಟ್ಟು, ದೊಡ್ಡವರಿಗೆ ಆಯ್ಕೆಯೇ ಇಲ್ಲದೆ ಕೇಳುತ್ತಿದ್ದ ಇನ್ನೊಂದು ಅಸಮತೆಯೂ ಆಗಲೇ ಕಣ್ಣಿಗೆ ಬಿದ್ದದ್ದರಿಂದ ದೊಡ್ಡವರ ಮುಂದೆಯೂ ಚಿತ್ರಗಳನ್ನಿಟ್ಟೆ.

ಆಗ ಇಬ್ಬರ ನಡುವಿನ ಅಂತರ ಕುಗ್ಗಿತು, ಆದರೆ ಮಾಯವಾಗಲಿಲ್ಲ. ಕಾಲು ಎಂಬ ಪದವನ್ನು ದಿನವೂ ಕೇಳುವ ಮಕ್ಕಳು, ಕಾಳು ಎಂದು ಒಪ್ಪಿಕೊಳ್ಳಲು ಳಕಾರ ಪೂರ್ತಿ ಮುಗಿಯುವವರೆಗೂ ಕಾದರು. ಮಕ್ಕಳಿಗೆ ದೊಡ್ಡವರಿಗಿಂತ ಹೆಚ್ಚು ದನಿ ಬೇಕೆಂದು ಇಂಗ್ಲಿಷಿನಲ್ಲಿ ನಡೆದ ಅಧ್ಯಯನಗಳೂ ಹೇಳುತ್ತವೆ. ನನ್ನ ಮೊದಲ ಪುಟಗಳಲ್ಲಿ ಕಂಡಷ್ಟು ದೊಡ್ಡ ಅಂತರ ಮಾತ್ರ ಆ ಮಕ್ಕಳ ಕಿವಿಯದ್ದಾಗಿರಲಿಲ್ಲ, ನಾನು ಕೇಳಿದ ರೀತಿಯದ್ದಾಗಿತ್ತು. ಆ ಪುಟಗಳನ್ನು ಲೆಕ್ಕದಿಂದ ತೆಗೆದುಹಾಕಿದೆ.